ಹಗೇವಿನ ಬಾಯಿ ತೆಗೆಯಬೇಡ

ಮಕ್ತಲ್, ಮಠದ ಓಣಿ
೧ ನವೆಂಬರ್ ೧೯೪೯, ಮಂಗಳವಾರ

ಚಿರಂಜೀವಿ ತಮ್ಮ ಭೀಮಣ್ಣನಿಗೆ ಅಕ್ಕ ಹಂಪಮ್ಮನ ಆಶೀರ್ವಾದ.

ನಾವು ಮೂರು ಜೀವ ಉಳಿದಿದ್ದೇವೆ. ಮೊದಲು ಅಷ್ಟು ಓದಿಕೊಂಡು ಉಸಿರು ಬಿಡು. ನಾನು, ನನ್ನ ಮಗಳು ಸಂಗಮ್ಮ, ಪಕ್ಕದ ಮನೆಯ ಪಿಂಜಾರ ಹುಸೇನಬೀ. ಉಳಿದದ್ದನ್ನು ನಿನ್ನ ಗಿರಣಿಯ ಪಾಳಿ ಮುಗಿದ ಮೇಲೆ ನಿಧಾನಕ್ಕೆ ಓದು.

ಶುಕ್ರವಾರ ಮಧ್ಯಾಹ್ನ ಗಾಳಿ ಎದ್ದಿತು. ಮೂಡಲ ಸಮುದ್ರದಲ್ಲಿ ಹುಟ್ಟಿದ ತುಫಾನು ಅಂತ ಮಠದ ಮಹಾಂತಯ್ಯ ಸ್ವಾಮಿಗಳು ಹೇಳಿದರು. ನಮ್ಮೂರ ಮಂದಿ ಸಮುದ್ರ ಕಂಡವರಲ್ಲ, ಅದೇ ನಮ್ಮ ಮನೆ ಕೇಳಿಕೊಂಡು ಬಂತು ನೋಡು. ಎರಡು ದಿನ ಮಳೆ ನಿಲ್ಲಲಿಲ್ಲ. ನಿನ್ನ ಮನೆಯ ಪಡಸಾಲೆ ಗೋಡೆ ಬಿತ್ತು, ಅಡುಗೆಮನೆ ಉಳಿದಿದೆ. ಹುಸೇನಬೀಯ ಮನೆ ಮಾಳಿಗೆ ಸಮೇತ ಕುಸಿಯಿತು. ಗಂಡ ಮೌಲಾಲಿ ಅರಳೆ ಹಿಂಜುತ್ತಿದ್ದ ಬಿಲ್ಲು ಒಂದನ್ನೇ ಎದೆಗವಚಿಕೊಂಡು ನಮ್ಮ ಮನೆಗೆ ಓಡಿ ಬಂದಳು. ನಾರಾಯಣಪೇಟೆಯಲ್ಲಿ ಮಗ್ಗದ ಗುಂಡಿಗಳೆಲ್ಲ ನೀರು ತುಂಬಿ ಬಾವಿಯಾಗಿವೆಯಂತೆ. ಗದ್ವಾಲದ ದಾರಿ ಹರಿದುಹೋಗಿದೆ, ಅಲ್ಲಿರುವ ಹುಸೇನಬೀಯ ತಾಯಿಯ ಸುದ್ದಿ ಇಲ್ಲ. ಟಪಾಲು ಚೀಲ ನಾಲ್ಕು ದಿನ ಇಲ್ಲೇ ಬಿದ್ದಿತ್ತು.

ಈಗ ಹೊಟ್ಟೆಯ ಮಾತು. ಮನೆಯ ಗುಮ್ಮಿ ನೆನೆದು ಅದರಲ್ಲಿನ ಜೋಳ ಮೊಳಕೆ ಬಂದಿದೆ. ಹಿತ್ತಲಲ್ಲಿ ನೆಲ ತೋಡಿದ ಹಗೇವಿನಲ್ಲಿ ಎಂಟು ಚೀಲ ಜೋಳ ಹಾಕಿ, ಸರಕಾರದ ಲೆವಿ ಜೋಳ ವಸೂಲಿಯವರ ಕಣ್ಣಿಗೆ ಬೀಳದಂತೆ ಮುಚ್ಚಿದ್ದೇನೆ, ನಾನು ಹೇಳುವ ತನಕ ತೆಗೆಯಬೇಡ ಅಂತ ಹೋದ ವರ್ಷ ಈ ಮನೆ ನನಗೆ ಒಪ್ಪಿಸಿ ಸೊಲ್ಲಾಪುರಕ್ಕೆ ಹೋಗುವಾಗ ಹೇಳಿದ್ದೆಯಲ್ಲ. ನೆಲದೊಳಗೆ ಜೋಳ ಇಟ್ಟುಕೊಂಡು ಮೇಲೆ ಹಸಿದು ಕೂರುವ ಹುಚ್ಚರು ಯಾರಾದರೂ ಇದ್ದಾರೆಯೇ? ಒಂದು ಮಾತು ಬರೆ, ತೆಗೆಸುತ್ತೇನೆ.

ಇನ್ನು ನಮ್ಮ ನಿತ್ಯದ ಪ್ರಶ್ನೆ. ಕೊತ್ತಪಲ್ಲಿಯ ನಮ್ಮ ಮನೆಯಿಂದ ನನ್ನವರನ್ನು, ನಿನ್ನ ಮಾವ ಅಮರಪ್ಪನನ್ನು, ರಜಾಕಾರರು ಹಿಡಿದೊಯ್ದು ಹದಿನೇಳು ತಿಂಗಳಾಯಿತು. ಯೂನಿಯನ್ ಫೌಜು ಬಂದು ಜೈಲಿನ ಬಾಗಿಲು ತೆರೆದ ಮೇಲೂ ಬರಲಿಲ್ಲ. ಅದೇ ಫೌಜು ಬಂದ ವಾರದಲ್ಲಿ ಮೌಲಾಲಿ ಕಾಣೆಯಾದ. ಗಂಡಂದಿರ ದಾರಿ ಕಾಯುವ ಇಬ್ಬರು ಒಂದೇ ಚಾಪೆಯ ಮೇಲೆ ಮಲಗುತ್ತೇವೆ. ಬೊಂಬಾಯಿಯಲ್ಲಿ ಮೌಲಾಲಿಯನ್ನು ಯಾರೋ ಕಂಡರು ಅಂತ ನೀನು ಉಗಾದಿಗೆ ಬರೆದಿದ್ದೆ. ಹುಸೇನಬೀ ಅದೊಂದು ಸಾಲನ್ನು ನನ್ನಿಂದ ಎಷ್ಟು ಸಲ ಓದಿಸಿದ್ದಾಳೋ. "ಇನ್ನೊಮ್ಮೆ ಕೇಳಿ ಬರೀ ಅನ್ನಕ್ಕಾ, ಭೀಮಣ್ಣ ಸುಳ್ಳು ಹೇಳಾಂವಲ್ಲ" ಅನ್ನುತ್ತಾಳೆ. ನನ್ನವರ ಬಗ್ಗೆ ಏನಾದರೂ ಗಾಳಿ ಸುದ್ದಿ ಇದ್ದರೂ ಬರೆ.

ನಿನ್ನ ಅಕ್ಕ
ಹಂಪಮ್ಮ


ಸೊಲ್ಲಾಪುರ
೮ ನವೆಂಬರ್ ೧೯೪೯

ಅಕ್ಕನ ಪಾದಕ್ಕೆ ತಮ್ಮ ಭೀಮಣ್ಣನ ಶರಣು.

ನಿನ್ನ ಕಾಗದ ಕಂಡ ಮೇಲೆ ಜೀವ ಬಂತು. ತುಫಾನಿನ ಸುದ್ದಿ ಇಲ್ಲಿ ಮೊದಲೇ ತಲುಪಿತ್ತು. ಐದು ದಿನ ಗಿರಣಿಯ ಭೋಂಗಾ ಕೂಗಿದ ಕೂಡಲೇ ಟಪಾಲು ಕಚೇರಿಗೆ ಓಡುತ್ತಿದ್ದೆ, ಮಕ್ತಲ್ ಕಡೆಯ ಚೀಲ ಬಂದಿಲ್ಲ ಅಂತ ಕಳಿಸುತ್ತಿದ್ದರು. ಮನೆ ಬಿದ್ದರೆ ಬೀಳಲಿ, ನೀವು ಮೂವರು ಇದ್ದೀರಲ್ಲ.

ಹಿತ್ತಲಲ್ಲಿ ನೀರು ನಿಂತಿದೆಯೇ? ಹಗೇವಿನ ಮೇಲಿನ ಕಲ್ಲು ಅಲುಗಿಲ್ಲವಷ್ಟೆ? ಮಣ್ಣು ಕುಸಿದಿದ್ದರೆ ಮೇಲೆ ಇನ್ನಷ್ಟು ಮಣ್ಣು ಹಾಕಿ ತುಳಿಸು, ಆದರೆ ತೆಗೆಯಬೇಡ. ಸರಕಾರ ಬದಲಾದರೂ ಲೆವಿಯವರು ಬದಲಾಗಿಲ್ಲ. ಮೇಲಾಗಿ ಹಗೇವು ತೆಗೆಯುವುದು ಗಂಡಸರ ಕೆಲಸ, ಒಳಗಿನ ಕೆಟ್ಟ ಗಾಳಿಗೆ ಜೀವ ಹೋಗುತ್ತದೆ. ಸಂಕ್ರಾಂತಿಗೆ ನಾನೇ ಬಂದು ತೆಗೆಯುತ್ತೇನೆ. ಅಲ್ಲಿಯ ತನಕ ಒಂದು ಚೀಲ ಜೋಳ ರೈಲಿಗೆ ಹಾಕಿಸುತ್ತೇನೆ, ಕೃಷ್ಣಾ ಸ್ಟೇಷನ್ನಿನಲ್ಲಿ ಇಳಿಸಿಕೊಳ್ಳಿರಿ.

ಮಾವನ ಸುದ್ದಿ ಇಲ್ಲ ಅಕ್ಕಾ. ಗುಲ್ಬರ್ಗಾ ಕಡೆಯಿಂದ ಬಂದವರನ್ನೆಲ್ಲ ಕೇಳುತ್ತಲೇ ಇದ್ದೇನೆ.

ಮೌಲಾಲಿ ಬೊಂಬಾಯಿಯ ಮದನಪುರದಲ್ಲಿ ಇದ್ದಾನೆ ಅಂತ ಇನ್ನೊಬ್ಬ ಹೇಳಿದ. ಅಲ್ಲಿ ಗಾದಿ ಹೊಲಿಯುತ್ತಿದ್ದಾನಂತೆ. ಊರಿಗೆ ಬರಲು ಹೆದರಿಕೆಯಂತೆ. ಆರಾಮ ಇದ್ದಾನೆ ಅಂತ ಹುಸೇನಬೀಗೆ ಹೇಳು.

ಭೀಮಣ್ಣ


ಮಕ್ತಲ್
೧೪ ನವೆಂಬರ್ ೧೯೪೯, ಸೋಮವಾರ

ತಮ್ಮಾ,

ಅಕ್ಕ ಸತ್ತಳೋ ಬದುಕಿದಳೋ ಅನ್ನುವುದಕ್ಕಿಂತ ಹಗೇವಿನ ಕಲ್ಲು ಅಲುಗಿತೋ ಇಲ್ಲವೋ ಅನ್ನುವ ಚಿಂತೆಯೇ ನಿನಗೆ ದೊಡ್ಡದಾಗಿದೆ. ಎಂಟು ಚೀಲ ಜೋಳವೋ ಎಂಟು ಚೀಲ ಬಂಗಾರವೋ? ನಿನ್ನ ಹೆಂಡತಿಯಾಗಿ ಬರುವವಳು ಪುಣ್ಯವಂತೆ, ಅನ್ನ ಕಣ್ಣಿಗೆ ಕಾಣುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ.

ನೀನು ರೈಲಿಗೆ ಹಾಕಿದ ಚೀಲ ಬಂದಿಲ್ಲ. ಇದ್ದ ಜೋಳ ಒಣಗಿಸಿ ಬೀಸಿದರೆ ರೊಟ್ಟಿ ಕಹಿ. ಸಂಗಮ್ಮ ನಿನ್ನೆ ಅರ್ಧ ರೊಟ್ಟಿ ತಿಂದು ವಾಂತಿ ಮಾಡಿಕೊಂಡಳು. ಓಣಿಯಲ್ಲಿ ಎಲ್ಲರ ಮನೆಯದೂ ಇದೇ ಕಥೆ, ಕೈಗಡ ಕೇಳಲು ಯಾರ ಬಾಗಿಲಿಗೆ ಹೋಗಲಿ?

ಕಲ್ಲು ಅಲುಗಿದೆ. ಬೇವಿನ ಗಿಡದ ಕಡೆ ಒಂದು ಮೊಳ ನೆಲ ಕುಸಿದು ಕಲ್ಲು ವಾಲಿದೆ. ಬಿಸಿಲು ಬಿದ್ದರೆ ನಾತ ಬರುತ್ತದೆ. ನೀರು ಒಳಗೆ ಇಳಿದು ಜೋಳ ಕೊಳೆಯುತ್ತಿದೆ ಅನ್ನಲು ಪಂಚಾಂಗ ನೋಡಬೇಕೇ? ಸಂಕ್ರಾಂತಿಗೆ ನೀನು ಬರುವಷ್ಟರಲ್ಲಿ ಅದು ಗೊಬ್ಬರವಾಗಿರುತ್ತದೆ. ಅಮಾಸೆ ಕಳೆದ ಮರುದಿನ, ಇಪ್ಪತ್ತೊಂದನೇ ತಾರೀಖು, ಕಿಷ್ಟಪ್ಪನನ್ನು ಕರೆದು ತೆಗೆಸುತ್ತೇನೆ. ಹೆದರಬೇಡ, ಅವನು ಹತ್ತೂರಿನ ಹಗೇವು ತೆಗೆದವನು. ಒಂದು ಹಗಲು ಒಂದು ರಾತ್ರಿ ಬಾಯಿ ತೆರೆದಿಟ್ಟು, ದೀಪ ಇಳಿಸಿ ನೋಡಿ, ಆಮೇಲೆ ಇಳಿಯುತ್ತಾನೆ.

ಮದನಪುರ ಅನ್ನುವ ಹೆಸರು ಕೇಳಿದ ದಿನದಿಂದ ಹುಸೇನಬೀ ನೆಲದ ಮೇಲಿಲ್ಲ. ತಲೆಗೆ ಎಣ್ಣೆ ಹಚ್ಚಿಕೊಂಡು ಎರೆದುಕೊಂಡಳು, ಎರಡೂ ಆಡು ಮಾರಿದಳು, ಬೊಂಬಾಯಿಗೆ ಹೋಗುತ್ತಾಳಂತೆ. "ಅವ ಬರಾಕ ಹೆದರತಾನ ಅಂದ್ರ ನಾನ ಹೋಗಿ ಕೈ ಹಿಡಕೊಂಡು ಬರತೀನಿ. ಅವನೇನು ಯಾರನ್ನ ಕಡದಾನೇನು? ರಜಾಕಾರರ ಠಾಣೆಕ್ಕ ಗಾದಿ ತುಂಬಿ ಕೊಟ್ಟಾನ, ಅದೂ ಬಂದೂಕ ತೋರಿಸಿದ್ದಕ್ಕ" ಅನ್ನುತ್ತಾಳೆ. ನಾನು ಬೇಡ ಅನ್ನಲಿಲ್ಲ. ಇಬ್ಬರಲ್ಲಿ ಒಬ್ಬಳಿಗಾದರೂ ಸಿಗಲಿ ಅಂತ ನನ್ನಾಸೆ. ದಾರಿಯಲ್ಲಿ ಸೊಲ್ಲಾಪುರದಲ್ಲಿ ಇಳಿದು ನಿನ್ನನ್ನು ಕಂಡೇ ಮುಂದೆ ಹೋಗುತ್ತಾಳೆ. ಸರಿಯಾದ ವಿಳಾಸ ಕೇಳಿ ಇಟ್ಟಿರು.

ಹಂಪಮ್ಮ


ಸೊಲ್ಲಾಪುರ
೧೯ ನವೆಂಬರ್ ೧೯೪೯
(ಕಾರ್ಡು)

ಅಕ್ಕಾ, ಹಗೇವಿನ ಬಾಯಿ ತೆಗೆಯಬೇಡ. ನನ್ನಾಣೆ. ಅದರಲ್ಲಿ ಜೋಳ ಇಲ್ಲ. ಯಾಕೆ ಅಂತ ಕಾರ್ಡಿನಲ್ಲಿ ಬರೆಯಲು ಆಗುವುದಿಲ್ಲ. ಕಿಷ್ಟಪ್ಪನನ್ನು ಹಿತ್ತಲಿಗೆ ಬಿಡಬೇಡ. ಹುಸೇನಬೀಯನ್ನು ಕಳಿಸಬೇಡ, ಮದನಪುರದ ಸುದ್ದಿ ಖಾತ್ರಿಯಿಲ್ಲ. ರಜೆ ಕೇಳಿದ್ದೇನೆ, ಕೊಟ್ಟಿಲ್ಲ. ಕೈ ಮುಗಿದು ಬರೆಯುತ್ತಿದ್ದೇನೆ.

ಭೀಮಣ್ಣ


ಮಕ್ತಲ್
೨೭ ನವೆಂಬರ್ ೧೯೪೯, ಭಾನುವಾರ
(ಹುಸೇನಬೀಯ ಕೈಯಲ್ಲಿ ಕಳಿಸಿದ್ದು)

ತಮ್ಮಾ ಭೀಮಣ್ಣಾ,

ನಿನ್ನ ಕಾರ್ಡು ಗುರುವಾರ ಬಂತು. ಹಗೇವಿನ ಬಾಯಿ ಸೋಮವಾರವೇ ತೆಗೆದಾಗಿತ್ತು.

ಮಂಗಳವಾರ ಬೆಳಿಗ್ಗೆ ದೀಪ ಆರದೆ ಉರಿದ ಮೇಲೆ ಕಿಷ್ಟಪ್ಪ ಇಳಿದ. ನೀನು ಬರೆದದ್ದು ನಿಜ, ಜೋಳ ಇರಲಿಲ್ಲ. ಮೇಲೆ ಮಣ್ಣು, ಅದರ ಕೆಳಗೆ ಕೊಳೆತ ಹೊಟ್ಟು. ಆಮೇಲೆ ಒಳಗಿಂದಲೇ ಕೂಗಿದ, "ಅವ್ವಾ, ಇಲ್ಲಿ ಮನಷ್ಯಾ ಅದಾನ." ಅದ ಅನ್ನಲಿಲ್ಲ, ಅದಾನ ಅಂದ.

ಬರೀ ಎಲುಬು ಉಳಿದಿತ್ತು. ಬಟ್ಟೆ ಕೈಗೆ ಹತ್ತದಷ್ಟು ಕೊಳೆತಿತ್ತು. ಆದರೆ ನನಗೆ ಗೊತ್ತಾಯಿತು. ನಮ್ಮ ಮನೆಯ ಹಗೇವಿನಲ್ಲಿ ಇನ್ಯಾರು ಇರುತ್ತಾರೆ? ನಿನ್ನ ಮಾವ ರಜಾಕಾರರ ಕೈಯಿಂದ ತಪ್ಪಿಸಿಕೊಂಡು ನಿನ್ನ ಹತ್ತಿರವೇ ಬಂದಿರಬೇಕು. ಗಾಯವಾಗಿ ಬಂದು ನಿನ್ನ ಕೈಯಲ್ಲೇ ಜೀವ ಬಿಟ್ಟಿರಬೇಕು. ಆ ದಿನಗಳಲ್ಲಿ ಹೆಣ ಹೊರಗೆ ತರುವ ಹಾಗಿರಲಿಲ್ಲ, ಅದಕ್ಕೇ ಅಲ್ಲಿಟ್ಟೆ. ಅಕ್ಕನ ಕುಂಕುಮ ಅಳಿಸುವ ಮಾತು ನಾನು ಹೇಗೆ ಹೇಳಲಿ ಅಂತ ಜೋಳದ ಕಥೆ ಕಟ್ಟಿದೆ. ಹೌದಲ್ಲವೇ? ನಿನ್ನ ಕಾರ್ಡು ಓದಿದ ಮೇಲೆ ನನಗೆ ಸಂಶಯ ಉಳಿಯಲಿಲ್ಲ. ನಿನ್ನ ಮೇಲೆ ಸಿಟ್ಟಿಲ್ಲ ತಮ್ಮಾ. ಇಷ್ಟು ದಿನ ಒಬ್ಬನೇ ಹೊತ್ತೆಯಲ್ಲ, ನಿನ್ನ ಎದೆ ಎಷ್ಟು ನೊಂದಿರಬೇಕು.

ಪೋಲೀಸ್ ಪಟೇಲರು ಬಂದು ರಜಾಕಾರರ ಕಾಲದ ಎಲುಬು ಅಂತ ಬರೆದುಕೊಂಡು ಹೋದರು. ಕಳೆದ ವರ್ಷದಿಂದ ಬಾವಿಯಲ್ಲಿ ಹಳ್ಳದಲ್ಲಿ ಹೀಗೆ ಸಿಗುತ್ತಲೇ ಇವೆ, ಅವರಿಗೂ ರೂಢಿಯಾಗಿದೆ. ಮಹಾಂತಯ್ಯನವರು ಕೇಳಿದರು, "ಹೌದೇನವ್ವಾ, ನಿನ್ನ ಗಂಡನ ಗುರುತು ಐತೇನು?" ಎಲುಬಿಗೆ ಏನು ಗುರುತಿರುತ್ತದೆ? ಆದರೂ ಹೌದ್ರಿ ಅಂದೆ. ಕೊರಳಲ್ಲಿನ ಲಿಂಗದ ಕರಡಿಗೆ ಸಿಗಲಿಲ್ಲ. ಕಿಷ್ಟಪ್ಪ ಹಗೇವಿನ ಮಣ್ಣೆಲ್ಲ ಜರಡಿ ಹಿಡಿದ. ಹಿಡಿದೊಯ್ದವರು ಬೆಳ್ಳಿ ಅಂತ ಕಿತ್ತುಕೊಂಡಿರಬೇಕು ಅಂದುಕೊಂಡೆವು. "ಲಿಂಗಿಲ್ದ ಮಣ್ಣಿಗಿಡಾಕ ಬರಂಗಿಲ್ಲ" ಅಂತ ಸ್ವಾಮಿಗಳೇ ಹೊಸ ಲಿಂಗ ತಂದರು.

ಎಲುಬು ತೊಳೆಯಬೇಕಿತ್ತು. ಕಿಷ್ಟಪ್ಪ ಮುಟ್ಟಲು ಒಲ್ಲೆ ಅಂದ. ನಾನೇ ಬಿಂದಿಗೆ ಎತ್ತಿಕೊಂಡೆ. ಹುಸೇನಬೀ ನನ್ನನ್ನು ಕಟ್ಟೆಯ ಮೇಲೆ ಕೂಡಿಸಿ ನೀರು ಕಾಸಿದಳು. "ಹಂಪಕ್ಕ, ನೀ ಕುಂದ್ರು, ನಾ ತೊಳೀತೀನಿ. ನಮ್ಮಾಂವಗ ಹಿಂಗ ಆಗಿದ್ರ ನೀ ತೊಳೀತಿದ್ದಿಲ್ಲೇನು?" ಅಂದಳು. ಬಚ್ಚಲ ಕಲ್ಲಿನ ಮೇಲೆ ಒಂದೊಂದೇ ಎಲುಬು ಇಟ್ಟು ತೊಳೆದು, ತನ್ನ ಸೆರಗಿನಿಂದ ಒರೆಸಿದಳು. ಒಡಹುಟ್ಟಿದವಳೂ ಹೀಗೆ ಮಾಡುವುದಿಲ್ಲ. ವಿಭೂತಿ ಹಚ್ಚಿ, ಪತ್ರಿ ಹಾಕಿ, ಲಿಂಗ ಇಟ್ಟು, ಮಠದ ಹಿಂದೆ ನಮ್ಮವರ ಮಣ್ಣಿನಲ್ಲಿ ಸಮಾಧಿ ಮಾಡಿದೆವು. ನಾನು ಬಳೆ ಒಡೆದುಕೊಂಡೆ.

ಒಂದು ಮಾತು ನಿನಗೊಬ್ಬನಿಗೇ ಹೇಳುತ್ತೇನೆ. ಮಣ್ಣು ಹಾಕಿ ಬಂದು ಮಲಗಿದವಳು ಹದಿನೇಳು ತಿಂಗಳಲ್ಲಿ ಮೊದಲ ಸಲ ಬೆಳಗಿನ ತನಕ ನಿದ್ದೆ ಮಾಡಿದೆ. ಬಾಗಿಲ ಸಪ್ಪಳಕ್ಕೆ ಏಳಬೇಕಾದ ಕೆಲಸ ಇನ್ನಿಲ್ಲ. ಹೀಗೆ ಅನ್ನಿಸುವುದು ಪಾಪವೋ ಏನೋ ಗೊತ್ತಿಲ್ಲ, ಅನ್ನಿಸಿದ್ದು ನಿಜ.

ನನ್ನದು ಮುಗಿಯಿತು, ಹುಸೇನಬೀಯದು ಕೂಡಿಬರಲಿ. ನಿನ್ನ ಕಾರ್ಡಿನ ಮಾತು ಹೇಳಿದೆ, ಖಾತ್ರಿಯಿಲ್ಲವಂತೆ ಅಂದೆ. "ಖಾತ್ರಿ ಇಲ್ಲಂದ್ರ ಹೋಗೇ ಖಾತ್ರಿ ಮಾಡಕೋಬೇಕು" ಅಂದಳು. ನಾಳೆ ಕೃಷ್ಣಾ ಸ್ಟೇಷನ್ನಿನಲ್ಲಿ ರೈಲು ಹತ್ತುತ್ತಾಳೆ. ಒಬ್ಬಳನ್ನೇ ಬೊಂಬಾಯಿಗೆ ಕಳಿಸಬೇಡ, ರಜೆ ಸಿಕ್ಕರೆ ನೀನೂ ಹೋಗು. ನಿನ್ನ ಮಾವನ ಎಲುಬು ತೊಳೆದವಳು, ಅವಳ ಋಣ ನಮ್ಮ ಮನೆಯ ಮೇಲಿದೆ.

ಹಂಪಮ್ಮ


ಸೊಲ್ಲಾಪುರ
೨ ಡಿಸೆಂಬರ್ ೧೯೪೯

ಅಕ್ಕಾ,

ನೀನು ಮಣ್ಣಿಗಿಟ್ಟದ್ದು ಮಾವನನ್ನಲ್ಲ. ಮೌಲಾಲಿಯನ್ನು.

ಈ ಸಾಲು ಬರೆಯಲು ನನಗೆ ಒಂದು ವರ್ಷ ಎರಡು ತಿಂಗಳು ಬೇಕಾಯಿತು. ಮಾವನ ಸುದ್ದಿ ನನಗೆ ನಿಜವಾಗಿಯೂ ಗೊತ್ತಿಲ್ಲ. ಅವರು ನನ್ನ ಹತ್ತಿರ ಬಂದಿರಲಿಲ್ಲ.

ಫೌಜು ಬಂದ ವಾರ, ಸೋಮವಾರ ಮಧ್ಯಾಹ್ನ. ನೀನು ಕೊತ್ತಪಲ್ಲಿಯಲ್ಲಿದ್ದೆ, ಹುಸೇನಬೀ ಗದ್ವಾಲಕ್ಕೆ ತಾಯಿಯ ಮನೆಗೆ ಹೋಗಿದ್ದಳು. ರಜಾಕಾರರ ಠಾಣೆಗೆ ಗಾದಿ ತುಂಬಿಕೊಟ್ಟವನು ಅಂತ ಮೌಲಾಲಿಯನ್ನು ಹುಡುಕುತ್ತಿದ್ದರು. ಹತ್ತು ಹದಿನೈದು ಮಂದಿ, ನಮ್ಮ ಕಡೆಯವರೇ, ಕೈಯಲ್ಲಿ ಕೊಡಲಿ. ಅವನು ಗೋಡೆ ಹಾರಿ ನನ್ನ ಹಿತ್ತಲಿಗೆ ಬಂದ. ನಾನು ಹಗೇವಿನ ಕಲ್ಲು ಸರಿಸಿದೆ. ತಳದಲ್ಲಿ ಹಳೆಯ ಜೋಳ ಮಳೆಗೆ ಬೂಜು ಹಿಡಿದಿತ್ತು. "ಗಾಳಿ ಆಡಬೇಕಲ್ಲೋ ಭೀಮಣ್ಣ, ಈಗ ಇಳದ್ರ ಹ್ಯಾಂಗ?" ಅಂದ. ತೆಗೆದ ಗಳಿಗೆಗೇ ಇಳಿಯಬಾರದು ಅಂತ ನಮ್ಮಲ್ಲಿ ಹಾಲುಗೂಸಿಗೂ ಗೊತ್ತು. ಓಣಿಯ ತುದಿಯಲ್ಲಿ ಅವರ ಕೂಗು ಕೇಳಿಸಿತು. ನಾನು ಅವನ ಹೆಗಲು ಹಿಡಿದು ಒಳಗೆ ದಬ್ಬಿದೆ. ಕಲ್ಲು ಮುಚ್ಚಿದೆ. ಉಳಿಸಲೆಂದೇ ದಬ್ಬಿದೆ ಅಕ್ಕಾ. ಅದೊಂದನ್ನು ನಂಬು.

ಅವರು ಬಂದು ಮನೆಯೆಲ್ಲ ಹುಡುಕಿ ಹಿತ್ತಲಲ್ಲೇ ಕೂತರು. ನೀರು ಕೇಳಿದರು, ರೊಟ್ಟಿ ಕೇಳಿದರು. ಕಲ್ಲಿನ ಮೇಲೆ ಯಾರ ಕಣ್ಣೂ ಬೀಳಬಾರದೆಂದು ನಾನು ಅದರ ಮೇಲೇ ಕೂತೆ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಬಡಿಯುವುದು ಕೇಳಿಸಿತು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ನಾನು ತೊಡೆ ತಟ್ಟಿಕೊಂಡು ಭಜನೆಯ ಪದ ಹಾಡಿದೆ. ಅವರಲ್ಲಿ ಇಬ್ಬರು ದನಿ ಕೂಡಿಸಿದರು. ಪದ ಮುಗಿಯುವಷ್ಟರಲ್ಲಿ ಬಡಿಯುವುದು ನಿಂತಿತ್ತು. ಜಾಣ, ಸುಮ್ಮನಾದ ಅಂದುಕೊಂಡೆ. ನನ್ನ ಮೇಲಾಣೆ, ಹಾಗೇ ಅಂದುಕೊಂಡೆ. ಇಲ್ಲ, ಅಂದುಕೊಳ್ಳಲು ನೋಡಿದೆ. ಎದ್ದು ಕಲ್ಲು ತೆಗೆದಿದ್ದರೆ ಅವನನ್ನು ಕಡಿಯುತ್ತಿದ್ದರು, ನನ್ನನ್ನೂ ಕಡಿಯುತ್ತಿದ್ದರು. ನನ್ನನ್ನೂ ಅನ್ನುವುದೇ ನನಗೆ ದೊಡ್ಡದಾಯಿತು.

ಹೊತ್ತು ಇಳಿಯುವಾಗ ಹೋದರು. ಕಲ್ಲು ತೆಗೆದು ಕರೆದೆ. ದೀಪ ಇಳಿಸಿದೆ. ಒಂದು ಮೊಳಕ್ಕೇ ಆರಿತು.

ಮರುದಿನ ಹೊಟ್ಟು ಸುರಿದು ಮಣ್ಣು ಹಾಕಿದೆ. ಹುಸೇನಬೀ ಗದ್ವಾಲದಿಂದ ಬಂದು ಕೇಳಿದಳು, ಓಡಿಹೋದ ಅಂದೆ. ಅವಳ ಮುಖ ನೋಡಲಾಗದೆ ಸೊಲ್ಲಾಪುರಕ್ಕೆ ಬಂದೆ. ಇಲ್ಲಿಯೂ ನಿನ್ನ ಪ್ರತಿ ಕಾಗದದಲ್ಲಿ ಅವಳ ಪ್ರಶ್ನೆ ಬರುತ್ತಿತ್ತು. ಒಂದು ಸಲ ಬೊಂಬಾಯಿ ಅಂತ ಬರೆದೆ, ಎರಡು ತಿಂಗಳು ಕೇಳಲಿಲ್ಲ. ಆಮೇಲೆ ಮತ್ತೆ ಮತ್ತೆ ಕೇಳುತ್ತಿದ್ದಾಗ, ಹೋದ ತಿಂಗಳು ಮದನಪುರ ಅಂದೆ.

ಈಗ ಇದಕ್ಕಿಂತ ಕೆಟ್ಟದ್ದು. ಮೊನ್ನೆ ಹುಸೇನಬೀ ಚಾಳಿಗೆ ಬಂದಳು. ಗಂಟು ಬಿಚ್ಚಿ ನನಗೆ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟಳು. ನಿನ್ನ ಕಾಗದ ಕೊಟ್ಟು, "ಓದಿ ಹೇಳು, ಹಂಪಕ್ಕ ನನ್ನ ಬಗ್ಗೆ ಏನು ಬರದಾಳ" ಅಂದಳು. ಅವಳು ತೊಳೆದ ಮಾತು ಓದುವಾಗ ನನ್ನ ಮುಂದೆ ಅವಳ ಎರಡೂ ಕೈ ಇದ್ದವು. ಹೇಳಬೇಕು ಅಂತ ಎರಡು ಸಲ ಬಾಯಿ ತೆರೆದೆ. ಆಗಲಿಲ್ಲ. ನಿನ್ನೆ ಅವಳನ್ನು ಬೊಂಬಾಯಿಯ ರೈಲಿಗೆ ಹತ್ತಿಸಿದೆ. ಮದನಪುರದಲ್ಲಿ ಅರಳೆ ಅಂಗಡಿಗಳಲ್ಲಿ ಕೇಳು ಅಂದೆ. ರೈಲು ಬಿಡುವಾಗ ಕಿಟಕಿಯಿಂದ ಕೈ ಹಾಕಿ ನನ್ನ ತಲೆ ಸವರಿದಳು.

ನನಗೆ ಏನು ಮಾಡಬೇಕು ತಿಳಿಯದು. ನೀನು ಹೇಳಿದ್ದು ಮಾಡುತ್ತೇನೆ.

ಭೀಮಣ್ಣ


ಮಕ್ತಲ್
೮ ಡಿಸೆಂಬರ್ ೧೯೪೯

ಭೀಮಣ್ಣ,

ನಿನ್ನನ್ನು ತಮ್ಮಾ ಅಂತ ಕರೆಯಲು ಕೈ ಬರುತ್ತಿಲ್ಲ.

ಹೆದರಿಕೆಗೆ ಕಲ್ಲಿನ ಮೇಲೆ ಕೂತೆ, ಒಪ್ಪುತ್ತೇನೆ. ಕೊಡಲಿ ಹಿಡಿದವರ ಮುಂದೆ ನಾನಿದ್ದರೂ ಏನು ಮಾಡುತ್ತಿದ್ದೆನೋ ಹೇಳಲಾರೆ. ಆದರೆ ಸೊಲ್ಲಾಪುರದ ಚಾಳಿನಲ್ಲಿ ನಿನ್ನ ಮುಂದೆ ಯಾರ ಕೈಯಲ್ಲಿ ಕೊಡಲಿ ಇತ್ತು? ಅವಳ ಕೈಯಲ್ಲಿ ರೊಟ್ಟಿ ಇತ್ತಲ್ಲೋ. ಸತ್ತ ಗಂಡನನ್ನು ಹುಡುಕಲು ಬದುಕಿದ ಹೆಂಗಸನ್ನು ಕಂಡರಿಯದ ಊರಿಗೆ ಅಟ್ಟಿದೆಯಲ್ಲ, ನಿನ್ನ ಎದೆ ಯಾತರದು?

ನನ್ನ ಗತಿ ಕೇಳು. ಬಳೆ ಒಡೆದಿದ್ದೇನೆ, ಕುಂಕುಮ ಅಳಿಸಿದ್ದೇನೆ. ಈಗ ನಾನು ಮುತ್ತೈದೆಯೋ ಅಲ್ಲವೋ ಯಾರನ್ನು ಕೇಳಲಿ? ಅಪ್ಪ ಸತ್ತ ಅಂತ ಸಂಗಮ್ಮನಿಗೆ ಹೇಳಿ ಅಳಿಸಿದ್ದೆ. ಅಲ್ಲ, ಅದು ಬೇರೆ ಯಾರೋ ಅಂದರೆ, "ಹಂಗಾರ ಅಪ್ಪ ಯಾವಾಗ ಬರತಾನ?" ಅಂತ ಮೊದಲಿನ ಪ್ರಶ್ನೆಗೇ ಬಂದು ನಿಂತಿದ್ದಾಳೆ. ರಾತ್ರಿ ಮತ್ತೆ ಬಾಗಿಲ ಸಪ್ಪಳಕ್ಕೆ ಏಳುತ್ತಿದ್ದೇನೆ.

ಮಹಾಂತಯ್ಯನವರಿಗೆ ನಿನ್ನ ಕಾಗದ ಓದಿಸಿದೆ. ಕಾಗದ ಮಡಚಿ ಕೊಟ್ಟು, "ಊರಿಗೆ ತಿಳಿಸಬ್ಯಾಡವ್ವಾ, ಆರಿದ್ದು ಮತ್ತ ಹತ್ತಕೊಂತೈತಿ" ಅಂದರು. ನಾನು ಆಗುವುದಿಲ್ಲ ಅಂದೆ. ಊರಿಗೆ ಹೇಳುವುದು ಬಿಡುವುದು ಆಮೇಲೆ. ಅವಳಿಗೆ ಹೇಳಬೇಕು. ಅವಳು ಹೇಳಿದ ಮೇಲೆ ಊರು.

ರಜೆ ಕೊಡದಿದ್ದರೆ ಗಿರಣಿ ಬಿಡು. ಈ ಕಾಗದ ಮುಟ್ಟಿದ ದಿನವೇ ಬೊಂಬಾಯಿಯ ರೈಲು ಹತ್ತು. ಓಣಿ ಓಣಿ ತಿರುಗು. ಅವಳನ್ನು ಕಂಡ ಮೇಲೆ ಕೂತು ಹೇಳಬೇಡ, ನಿಂತು ಹೇಳು. ಬಡಿದದ್ದನ್ನೂ ಹೇಳು, ಹಾಡಿದ್ದನ್ನೂ ಹೇಳು. ಅವಳು ಸಿಗದಿದ್ದರೆ ನನಗೆ ಕಾಗದ ಬರೆಯಬೇಡ.

ಹಂಪಮ್ಮ


ಬೊಂಬಾಯಿ, ಮದನಪುರ
೧೮ ಡಿಸೆಂಬರ್ ೧೯೪೯, ಭಾನುವಾರ

(ಹೇಳಿದವಳು ಹುಸೇನಬೀ. ಬರೆದವನು ಭೀಮಣ್ಣ. ಒಂದಕ್ಷರ ಬಿಡಬಾರದೆಂದು ಆಕೆಯ ಕಟ್ಟಪ್ಪಣೆ.)

ಹಂಪಕ್ಕಗ ಹುಸೇನಬೀ ಸಲಾಮ.

ನಾ ಇಲ್ಲಿ ಒಂದು ಮಸೂತಿ ಕಟ್ಟಿ ಮ್ಯಾಲ ಹದಿನೈದು ದಿನ ಮಲಗೀನಿ. ಮಂದಿ ಛಲೋ ಅದಾರ, ಊಟಕ್ಕ ಕೊಟ್ಟಾರ. ಬಿಲ್ಲಿನ ಸಪ್ಪಳ ಕೇಳಿದಲ್ಲೆಲ್ಲ ಒಳಗ ಹೋಗಿ ಮಾರಿ ನೋಡೀನಿ. ಎಲ್ಲಾ ಮಂದಿ ಮೈಮ್ಯಾಲೂ ಅರಳಿ ಕುಂತು ಬೆಳ್ಳಗ ಕಾಣತಿದ್ರು, ಹತ್ತರ ಹೋಗೋ ತನಕ ಎಲ್ಲಾರೂ ನಮ್ಮಾಂವನ ಅನಸೋರು.

ಶುಕ್ರವಾರ ನಮಾಜ ಬಿಟ್ಟ ಮ್ಯಾಗ ಭೀಮಣ್ಣ ಬಂದ. ದೂರಿಂದ ನೋಡಿ ನಾನ ಓಡಿ ಹೋದೆ, ಸುದ್ದಿ ತಂದಾನಂತ. ನಿಂತ ಹೇಳಿದ. ಮೊದಲು ಅರ್ಧ ಹೇಳಿದ, ಉಳಿದರ್ಧ ನಾ ಕೇಳಿ ಕೇಳಿ ತಗೊಂಡೆ. ಎಷ್ಟು ಸಲ ಬಡದ ಅಂತ ಕೇಳಿದೆ. ಎಣಸಲಿಲ್ಲ ಅಂದ. ಯಾವ ಪದ ಹಾಡಿದಿ ಅಂದೆ. ಹೇಳಿದ. ಅದು ನಮ್ಮಾಂವಗೂ ಬರತಿತ್ತು ಅಕ್ಕಾ, ನಿಮ್ಮ ಮಠದ ಕಟ್ಟಿಗಿ ಕುಂತು ಕಲತಿದ್ದ.

ಆ ದಿನ ಬಚ್ಚಲ ಕಲ್ಲಿನ ಮ್ಯಾಲ ನಾ ತೊಳದದ್ದು ಅವನ್ನ. ಎರಡು ದಿನದಿಂದ ಅದನ್ನ ನೆನಸಾಕ ಹತ್ತೀನಿ. ಯಾವ ಕೈ ಮೊದಲು ತೊಳದೆ, ತಲಿಗೆ ನೀರು ಹ್ಯಾಂಗ ಹಾಕಿದೆ, ನೆನಪಾಗವಲ್ದು. ಅವಸರ ಮಾಡೀನಿ ಅಕ್ಕಾ. ನೀ ನೋಡಲಿಲ್ಲ, ನಾ ಅವಸರ ಮಾಡೀನಿ. ಲಗೂ ತೊಳದು ಮುಗಸಿದ್ರ ಬೊಂಬಾಯಿಗೆ ಹೋಗಬೌದು, ಅವ ಕಾಯಾಕತ್ತಾನ ಅಂತ ನನ್ನ ಮನಸು ಇಲ್ಲಿತ್ತು.

ಯಾರಿಗರ ಯಾಕ ಆಗವಲ್ದು, ನೀ ಅವಗ ಅತ್ತಿ. ಬಳಿ ಒಡಕೊಂಡಿ. ಅದನ್ನ ನಾ ಮರಿಯಂಗಿಲ್ಲ. ನಂದು ನಾ ಇಲ್ಲೇ ಒಡದೀನಿ. ನೀ ನಿನ್ನ ಗಂಡ ಬರತಾನಂತ ತಿಳದು ಬಳಿ ಇಟ್ಟುಕೋ. ಅವ ಸತ್ತಾನಂತ ಯಾರೂ ನೋಡಿಲ್ಲ.

ನಾ ಬಂದ ಮ್ಯಾಗ ಮಣ್ಣು ತೆಗಸತೀನಿ. ಲಿಂಗ ಸ್ವಾಮ್ಯಾರಿಗೆ ತಿರಗಿ ಕೊಡ್ರಿ, ಅವರು ಮನಸಿಟ್ಟು ತಂದಿದ್ರು, ತಪ್ಪೇನಿಲ್ಲ. ನಮ್ಮ ಕಬರಸ್ತಾನದಾಗ ಪಡುವಲ ಮಾರಿ ಮಾಡಿ ಮಲಗಸತೀನಿ. ಈ ಸಲ ನಿಧಾನ ತೊಳೀತೀನಿ. ನೀ ನೀರು ಹಾಕು.

ಭೀಮಣ್ಣ ಸಂಗಡ ಬರತಾನ. ಬರಾಕ ಒಲ್ಲೆ ಅಂದಿದ್ದ, ಊರಾಗ ಮಾರಿ ತೋರಸಾಕ ಆಗಂಗಿಲ್ಲಂತ. ನಾ ಅಂದೆ, ಹೊರಾಕ ನಾಕು ಮಂದಿ ಬೇಕು, ನಮ್ಮೋರು ಊರಾಗ ಎಷ್ಟು ಉಳದಾರ? ಒಂದು ಹೆಗಲು ನಿಂದು. ಹೊತ್ತು ಇಳಿಸಿ, ನಾಕು ಮಂದಿ ಮುಂದ ನನಗ ಹೇಳಿದ್ದ ಹೇಳು. ಆಮ್ಯಾಲ ಎಲ್ಲರ ಹೋಗು.

ಇಷ್ಟು ಬರದು ಇವ ಕೈ ತಡದ. "ಹುಸೇನಬೀ, ಮಾಫ್ ಮಾಡೀನಿ ಅಂತ ಒಂದು ಸಾಲು ಬರೀಲೇನು? ಅಕ್ಕಗ ಸಮಾಧಾನ ಆಗತೈತಿ" ಅಂತ ಕೇಳಿದ.

ಬರೀಬ್ಯಾಡ ಅಂದೆ. ನಾ ಬರೀಬ್ಯಾಡ ಅಂದೆ ಅಂತ ಬರಿ ಅಂದೆ.